ಮದ್ದು ಒಗ್ಗಿಹೋಯಿತೆ?

ಕಳೆದ ವರ್ಷ ಕಾರ್ತಿಕಮಾಸದಲ್ಲಿ ನನ್ನ ಬಾಲ್ಯಸ್ನೇಹಿತರೊಬ್ಬರ ಮನೆಗೆ ಹೋಗಿದ್ದೆನು. ಅವರು ಪ್ರೌಢಶಾಲೆಯಲ್ಲಿ ಉಪಾಧ್ಯಾಯರಾಗಿದ್ದು ನಿವೃತ್ತರಾದವರು. ಮಿತಭಾಷಿಗಳು, ಪ್ರತಿಯೊಂದಕ್ಕೂ ಲೆಕ್ಕವಿಡುವ ಸ್ವಭಾವದವರು. ಐದು ವರ್ಷಗಳ ಹಿಂದೆ ಅವರಿಗೆ ರಕ್ತದ ಕ್ಯಾನ್ಸರ್ ಬಂದಿರುವುದಾಗಿ ವೈದ್ಯರು ಹೇಳಿದಾಗ ಮನೆಮಂದಿಯೆಲ್ಲರೂ ಕಂಗೆಟ್ಟು ಕುಳಿತಿದ್ದರು. ಆದರೆ ದಿನಕ್ಕೊಮ್ಮೆ ಮಾತ್ರೆ ನುಂಗತೊಡಗಿದ ಕೆಲವೇ ತಿಂಗಳುಗಳಲ್ಲಿ ಅವರ ರಕ್ತವು ಶುದ್ಧಿಯಾಯಿತು; ಬೆಳಗಿನ ತಿರುಗಾಟ, ಸಂಜೆ ಮೊಮ್ಮಕ್ಕಳಿಗೆ ಲೆಕ್ಕದ ಪಾಠ, ಎಲ್ಲವೂ ಮೊದಲಿನಂತೆ ನಡೆಯಿತು. ನಾನು ಹೋದ ದಿನ ಮಾತ್ರ ಮನೆಗೆ ಮಂಕು ಕವಿದಿತ್ತು. ಹಿಂದಿನ ವಾರದ ರಕ್ತಪರೀಕ್ಷೆಯಲ್ಲಿ ರೋಗವು ಪುನಃ ತಲೆಯೆತ್ತಿರುವ ಲಕ್ಷಣ ಕಂಡುಬಂದಿತ್ತು.

ಮಾತಿನ ನಡುವೆ ಒಂದು ಸಂಗತಿ ಹೊರಬಿದ್ದಿತು. ಒಂದು ವರ್ಷದಿಂದ ಅವರು ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುತ್ತಿದ್ದರು. ವೈದ್ಯರಿಗಾಗಲಿ ಹೆಂಡತಿಗಾಗಲಿ ಹೇಳಿರಲಿಲ್ಲ. "ದಿನವೂ ತಿಂದರೆ ಮದ್ದು ಮೈಗೆ ಒಗ್ಗಿಹೋಗುತ್ತೆ ಕಣಯ್ಯ. ಆಮೇಲೆ ಹಿಡಿಯೋದಿಲ್ಲ. ಅದರ ಬಲ ಉಳಿದಿರಲಿ ಅಂತ ಮಿತವಾಗಿ ತೊಗೊಂಡೆ. ಆದರೂ ಒಗ್ಗಿಹೋಯಿತು ನೋಡು" ಎಂದರು. ಅಷ್ಟರಲ್ಲಿ ಕಾಫಿ ತಂದಿಟ್ಟ ಅವರ ಪತ್ನಿಯು ಬಾಗಿಲ ಬಳಿ ನಿಂತು, ತಗ್ಗಿದ ದನಿಯಲ್ಲಿ, "ಅಣ್ಣಯ್ಯ, ನೀವು ಓದಿಕೊಂಡವರು, ಹೇಳಿ. ಇದು ವಂಶಕ್ಕೆ ಅಂಟೋ ರೋಗವೆ? ಚಿಕ್ಕವಳಿಗೆ ಗಂಡು ನೋಡ್ತಾ ಇದ್ದೇವೆ. ಅವರು ಕೇಳಿದರೆ ಏನು ಹೇಳಲಿ?" ಎಂದು ಕೇಳಿದರು.

ಅಂದು ನಾನು ತೋಚಿದಷ್ಟು ಹೇಳಿ ಬಂದೆನು. ಮನೆಗೆ ಬಂದಮೇಲೆ, ಈ ಎರಡು ಪ್ರಶ್ನೆಗಳು ಆ ಒಂದು ಮನೆಯವಲ್ಲ, ನಾಡಿನ ಎಷ್ಟೋ ಮನೆಗಳ ಪ್ರಶ್ನೆಗಳೆಂದು ತೋರಿತು. ಆದುದರಿಂದ ಅವುಗಳಿಗೆ ಕ್ರಮವಾದ ಉತ್ತರವನ್ನು ವಾಚಕರ ಮುಂದಿಡಲು ಯತ್ನಿಸುತ್ತೇನೆ. ನನ್ನ ಸ್ನೇಹಿತರಿಗೆ ಬಂದ ರೋಗದ ಹೆಸರು ಕ್ರಾನಿಕ್ ಮೈಲಾಯ್ಡ್ ಲ್ಯುಕೀಮಿಯ. ರಕ್ತದ ಕ್ಯಾನ್ಸರುಗಳಲ್ಲಿ ಇದೊಂದು ಬಗೆ. ಜೀವಕಣದೊಳಗಿನ ಒಂದು ತಪ್ಪಿನಿಂದ ಕ್ಯಾನ್ಸರ್ ಹೇಗೆ ಹುಟ್ಟುವುದು, ಮತ್ತೊಂದು ತಪ್ಪಿನಿಂದ ಅದು ಮದ್ದನ್ನು ಹೇಗೆ ಮೀರುವುದು ಎಂಬುದನ್ನು ವಿಜ್ಞಾನಿಗಳು ಈ ರೋಗದಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ರೋಗಗಳಲ್ಲಿ ಕಂಡದ್ದು ವಿರಳ.

ಪ್ರತಿ ಮಾಡುವಾಗಿನ ಕೈತಪ್ಪು

ಗೋಡೆಗೆ ಇಟ್ಟಿಗೆಗಳಿರುವಂತೆ ನಮ್ಮ ಶರೀರಕ್ಕೆ ಜೀವಕಣಗಳು. ಆದರೆ ಇಟ್ಟಿಗೆಗೆ ಜೀವವಿಲ್ಲ. ಈ ಕಣಗಳಿಗೆ ಜೀವವುಂಟು. ಅವು ಆಹಾರವನ್ನು ಹೀರುತ್ತವೆ, ದುಡಿಯುತ್ತವೆ, ಒಂದು ಎರಡಾಗಿ ಒಡೆದು ವೃದ್ಧಿಯಾಗುತ್ತವೆ, ಕಾಲ ತೀರಿದಾಗ ಸಾಯುತ್ತವೆ. ರಕ್ತದ ಕೆಂಪು ಕಣಗಳನ್ನು ಮಾತ್ರ ತೆಗೆದುಕೊಂಡರೂ, ಎಲುಬಿನೊಳಗಿನ ಮಜ್ಜೆಯಲ್ಲಿ ಸೆಕೆಂಡಿಗೆ ಸುಮಾರು ೨೦ ಲಕ್ಷ ಹೊಸ ಕಣಗಳು ಹುಟ್ಟುತ್ತಿರುತ್ತವೆ. ನಾವು ನಿದ್ರಿಸುತ್ತಿರುವಾಗಲೂ ಈ ಕೆಲಸ ನಿಲ್ಲುವುದಿಲ್ಲ.

ಹೀಗೆ ಒಡೆದು ಬೆಳೆಯುವ ಪ್ರತಿಯೊಂದು ಜೀವಕಣದ ಗರ್ಭದಲ್ಲಿ ವರ್ಣತಂತುಗಳೆಂಬ ಎಳೆಗಳಿವೆ. ಮನುಷ್ಯನಲ್ಲಿ ಇವುಗಳ ಸಂಖ್ಯೆ ೪೬. ತಾಯಿಯಿಂದ ಬಂದವು ೨೩, ತಂದೆಯಿಂದ ಬಂದವು ೨೩. ಕಣವು ಏನು ಕೆಲಸ ಮಾಡಬೇಕು, ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂಬ ವಿಧಿಗಳೆಲ್ಲವೂ ಈ ಎಳೆಗಳಲ್ಲಿ ನಾಲ್ಕೇ ಅಕ್ಷರಗಳ ಒಂದು ಲಿಪಿಯಲ್ಲಿ ಬರೆದಿವೆಯೆನ್ನಬಹುದು. ತಂದೆಯಿಂದ ಬಂದ ಒಂದು ಪ್ರತಿಯಲ್ಲಿಯೇ ಸುಮಾರು ೩೦೦ ಕೋಟಿ ಅಕ್ಷರಗಳಿವೆ. ತಾಯಿಯಿಂದ ಬಂದುದರಲ್ಲಿಯೂ ಅಷ್ಟೇ. ಒಂದೊಂದು ವಿಧಿವಾಕ್ಯಕ್ಕೆ ವಿಜ್ಞಾನಿಗಳು ಜೀನ್ ಎಂದು ಹೆಸರಿಟ್ಟಿದ್ದಾರೆ. ಇಂಥ ಜೀನುಗಳು ಸುಮಾರು ೨೦,೦೦೦.

ಕಣವು ಎರಡಾಗಿ ಒಡೆಯುವುದಕ್ಕೆ ಮುಂಚೆ ಈ ಗ್ರಂಥವೆಲ್ಲವೂ ಆಮೂಲಾಗ್ರವಾಗಿ ಪ್ರತಿಯಾಗಬೇಕು. ನಮ್ಮ ಹಿರಿಯರು ಓಲೆಗರಿಯ ಗ್ರಂಥಗಳನ್ನು ಪ್ರತಿ ಮಾಡುತ್ತಿದ್ದ ಕ್ರಮವನ್ನು ವಾಚಕರು ನೆನೆಯಲಿ. ಎಷ್ಟೇ ಎಚ್ಚರದಿಂದ ಬರೆದರೂ ಲಿಪಿಕಾರನ ಕೈ ಅಲ್ಲೊಂದು ಇಲ್ಲೊಂದು ಕಡೆ ತಪ್ಪುವುದು. ಆ ಪ್ರತಿಯಿಂದ ಮಾಡಿದ ಪ್ರತಿಗೂ ಆ ತಪ್ಪು ಇಳಿಯುವುದು. ಹೀಗೆಯೇ ಪಾಠಾಂತರಗಳು ಹುಟ್ಟಿದುವು. ಜೀವಕಣದಲ್ಲಿ ನಡೆಯುವುದೂ ಇದೇ. ಅಲ್ಲಿ ತಪ್ಪುಗಳನ್ನು ಹುಡುಕಿ ತಿದ್ದುವ ಏರ್ಪಾಡು ಉಂಟು. ಆದರೂ ಕೆಲವು ತಪ್ಪುಗಳು ಅದರ ಕಣ್ಣು ತಪ್ಪಿಸಿ ಉಳಿದುಬಿಡುತ್ತವೆ. ಇಂಥ ತಪ್ಪಿಗೇ ಉತ್ಪರಿವರ್ತನೆಯೆಂದು ಹೆಸರು. ಬಹುಪಾಲು ಉತ್ಪರಿವರ್ತನೆಗಳಿಂದ ಕೆಡುಕೇನೂ ಆಗದು. ಆದರೆ 'ಹಾಲು' ಎಂದಿರಬೇಕಾದ ಕಡೆ 'ಹಾಳು' ಎಂದಾದರೆ, ತಪ್ಪಿದ್ದು ಒಂದೇ ಅಕ್ಷರವಾದರೂ ವಾಕ್ಯದ ಅರ್ಥವೇ ಬುಡಮೇಲಾಗುವುದಷ್ಟೆ.

ಬಂಡಿಯ ಎತ್ತಿಗೆ ಬಾರುಕೋಲೂ ಉಂಟು, ಮೂಗುದಾರವೂ ಉಂಟು. ಜೀನುಗಳಲ್ಲಿಯೂ ಕೆಲವು ಕಣವನ್ನು 'ಬೆಳೆ, ಒಡೆ' ಎಂದು ತಿವಿಯತಕ್ಕವು. ಕೆಲವು 'ಸಾಕು, ನಿಲ್ಲು' ಎಂದು ಹಿಡಿದು ನಿಲ್ಲಿಸತಕ್ಕವು. ತಿವಿಯುವ ಜೀನು ಕೆಟ್ಟು ಬಿಡುವಿಲ್ಲದೆ ತಿವಿಯುತ್ತಿದ್ದರೆ, ಅಥವಾ ನಿಲ್ಲಿಸುವ ಜೀನು ಹರಿದುಹೋದರೆ, ಆ ಕಣವು ಹದ್ದುಮೀರಿ ಬೆಳೆಯತೊಡಗುವುದು. ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಅದೇ ಕೆಟ್ಟ ಪ್ರತಿಯನ್ನು ಹೊತ್ತು ಹುಟ್ಟುವುವು. ಕ್ಯಾನ್ಸರ್ ಎಂದರೆ ಇದೇ. ಹೊರಗಿನಿಂದ ಬಂದ ಶತ್ರುವಲ್ಲ. ನಮ್ಮ ಮನೆಯದೇ ಒಂದು ಕಣ, ಮನೆಯ ಕಟ್ಟಳೆಯನ್ನು ಮರೆತದ್ದು. ಬಹುತೇಕ ಕ್ಯಾನ್ಸರುಗಳಲ್ಲಿ ಒಂದು ತಪ್ಪು ಸಾಲದು. ವರ್ಷಗಳ ಕಾಲ ಒಂದರ ಮೇಲೊಂದು ತಪ್ಪು ಕೂಡಿಬರಬೇಕು. ಮುಪ್ಪಿನಲ್ಲಿ ಕ್ಯಾನ್ಸರ್ ಹೆಚ್ಚಾಗಿರುವುದೂ, ಹೊಗೆಸೊಪ್ಪನ್ನು ಅಗಿಯುವವರಿಗೂ ಸೇದುವವರಿಗೂ ಅದು ಬೇಗ ಬರುವುದೂ ಇದರಿಂದಲೇ. ಹೊಗೆಸೊಪ್ಪಿನ ವಿಷಗಳು ಈ ಗ್ರಂಥದ ಅಕ್ಷರಗಳನ್ನೇ ಕೆಡಿಸತಕ್ಕವು.

ಫಿಲಡೆಲ್ಫಿಯದ ಗಿಡ್ಡ ತಂತು

ನಮ್ಮ ಪ್ರಸ್ತುತದ ರೋಗದಲ್ಲಿ ಬಿಳಿಯ ರಕ್ತಕಣಗಳು ಮಿತಿಮೀರಿ ಬೆಳೆಯುತ್ತವೆ. ಆರೋಗ್ಯವಂತನ ರಕ್ತದಲ್ಲಿ ಒಂದು ಘನ ಮಿಲಿಮೀಟರಿಗೆ ಸುಮಾರು ೪,೦೦೦ದಿಂದ ೧೧,೦೦೦ ಬಿಳಿಯ ಕಣಗಳಿದ್ದರೆ, ಈ ರೋಗಿಗಳಲ್ಲಿ ಅವು ಲಕ್ಷವನ್ನು ದಾಟುವುದುಂಟು. ಎಡಪಕ್ಕೆಯ ಗುಲ್ಮವು ಊದಿಕೊಳ್ಳುವುದು, ಮೈ ಬಡವಾಗುವುದು, ರಾತ್ರಿ ಬೆವರುವುದು. ೧೮೪೫ರಲ್ಲಿ ಎಡಿನ್‌ಬರೋದ ಬೆನೆಟ್ ಎಂಬವರೂ ಬರ್ಲಿನ್ನಿನ ವಿರ್ಕೋ ಎಂಬವರೂ ಇಂಥ ರಕ್ತವನ್ನು ಕಂಡು ಬೇರೆಬೇರೆಯಾಗಿ ವರ್ಣಿಸಿದರು. 'ಬಿಳಿಯ ರಕ್ತ' ಎಂಬ ಅರ್ಥದ ಲ್ಯುಕೀಮಿಯ ಎಂಬ ಹೆಸರು ವಿರ್ಕೋ ಕೊಟ್ಟದ್ದು. ಹೆಸರು ಬಂದಿತೇ ಹೊರತು ಕಾರಣ ತಿಳಿಯಲಿಲ್ಲ. ೧೯೧೪ರಲ್ಲಿ ಬೊವೇರಿ ಎಂಬ ಜರ್ಮನ್ ಪಂಡಿತರು, ವರ್ಣತಂತುಗಳು ಕೆಡುವುದರಿಂದಲೇ ಕ್ಯಾನ್ಸರ್ ಹುಟ್ಟುವುದೆಂದು ಗ್ರಂಥ ಬರೆದರು. ಅದನ್ನು ಮನುಷ್ಯನಲ್ಲಿ ಕಣ್ಣಾರೆ ಕಂಡು ಹೇಳುವ ಸಾಧನ ಆಗ ಇರಲಿಲ್ಲ.

ಆ ಸಾಧನವು ಒದಗಿದ್ದು ಒಂದು ಬಗೆಯ ಆಕಸ್ಮಿಕದಿಂದ. ಅಮೆರಿಕದ ಫಿಲಡೆಲ್ಫಿಯ ನಗರದಲ್ಲಿ ಪೀಟರ್ ನೊವೆಲ್ ಎಂಬ ವೈದ್ಯರು ಲ್ಯುಕೀಮಿಯದ ಕಣಗಳನ್ನು ಗಾಜಿನ ಮೇಲೆ ಬೆಳೆಸಿ ನೋಡುತ್ತಿದ್ದರು. ಅವರು ಆ ಗಾಜನ್ನು ಸಾಮಾನ್ಯವಾದ ನಲ್ಲಿಯ ನೀರಿನಿಂದ ತೊಳೆದಾಗ ಕಣಗಳು ನೀರು ಕುಡಿದು ಉಬ್ಬಿದುವು. ಒಳಗೆ ಗೋಜಲಾಗಿದ್ದ ವರ್ಣತಂತುಗಳು ಬಿಡಿಬಿಡಿಯಾಗಿ ಹರಡಿಕೊಂಡುವು. ಆ ವಿದ್ಯೆಯಲ್ಲಿ ತಮಗೆ ಪರಿಶ್ರಮವಿಲ್ಲದ ಕಾರಣ ಅವರು ಡೇವಿಡ್ ಹಂಗರ್‌ಫರ್ಡ್ ಎಂಬ ವಿದ್ಯಾರ್ಥಿಯನ್ನು ಜತೆಗೆ ಸೇರಿಸಿಕೊಂಡರು. ಈ ರೋಗಿಗಳ ಕಣಗಳಲ್ಲಿ ಒಂದು ತಂತುವು ಇರಬೇಕಾದುದಕ್ಕಿಂತ ಗಿಡ್ಡವಾಗಿರುವುದನ್ನು ಇಬ್ಬರೂ ಕಂಡು ೧೯೬೦ರಲ್ಲಿ ಪ್ರಕಟಿಸಿದರು. ಒಂದು ಕ್ಯಾನ್ಸರಿಗೂ ಒಂದು ನಿಶ್ಚಿತವಾದ ವರ್ಣತಂತು ವ್ಯತ್ಯಾಸಕ್ಕೂ ಸಂಬಂಧ ಕಂಡದ್ದು ಅದೇ ಮೊದಲು. ಆ ಗಿಡ್ಡ ತಂತುವಿಗೆ ಊರಿನ ಹೆಸರೇ ನಿಂತಿತು.

ಕಡಮೆಯಾದ ತುಂಡು ಎಲ್ಲಿಗೆ ಹೋಯಿತು? ಇದಕ್ಕೆ ಉತ್ತರ ಕೊಟ್ಟವರು ಷಿಕಾಗೋ ನಗರದ ಜಾನೆಟ್ ರೌಲಿ ಎಂಬ ಮಹಿಳೆ. ನಾಲ್ಕು ಗಂಡುಮಕ್ಕಳ ತಾಯಿಯಾದ ಈಕೆ ಬಹುಕಾಲ ವಾರದಲ್ಲಿ ಕೆಲವು ದಿನ ಮಾತ್ರ ವೈದ್ಯವೃತ್ತಿಯನ್ನು ನಡೆಸಿ ಮಿಕ್ಕ ವೇಳೆಯನ್ನು ಮನೆಗೆ ಕೊಟ್ಟವರು. ವರ್ಣತಂತುಗಳ ಛಾಯಾಚಿತ್ರಗಳನ್ನು ಮನೆಯ ಊಟದ ಮೇಜಿನ ಮೇಲೆ ಹರಡಿಕೊಂಡು, ಒಂದೊಂದನ್ನಾಗಿ ಕತ್ತರಿಸಿ ಜೋಡಿಸುತ್ತಿದ್ದರು. ಅಮ್ಮ ಕಾಗದದ ಬೊಂಬೆಯಾಟ ಆಡುತ್ತಿದ್ದಾಳೆಂದು ಮಕ್ಕಳು ನಗುತ್ತಿದ್ದರಂತೆ. ಆ ಮೇಜಿನ ಮೇಲೆಯೇ ಆಕೆಗೆ ಗುಟ್ಟು ಹೊಳೆಯಿತು: ೨೨ನೆಯ ತಂತುವಿನಿಂದ ಹೋದ ತುಂಡು ೯ನೆಯ ತಂತುವಿನ ತುದಿಗೆ ಅಂಟಿಕೊಂಡಿತ್ತು. ಇವೆರಡೂ ತುಂಡುಗಳನ್ನು ಅದಲುಬದಲು ಮಾಡಿಕೊಂಡಿದ್ದುವು. ೧೯೭೩ರಲ್ಲಿ ಇದು ಪ್ರಕಟವಾಯಿತು.

ಎರಡು ಓಲೆಗ್ರಂಥಗಳ ದಾರ ಕಡಿದು ಗರಿಗಳು ಮುರಿದು ಬಿದ್ದಾಗ, ಅವಸರದಲ್ಲಿ ಒಂದರ ಅರ್ಧ ಗರಿಗೆ ಮತ್ತೊಂದರ ಅರ್ಧ ಗರಿಯನ್ನು ಸೇರಿಸಿ ಕಟ್ಟಿದರೆ ಹೇಗೋ ಇದೂ ಹಾಗೆ. ೯ನೆಯ ತಂತುವಿನಲ್ಲಿ ಏಬಲ್ ಎಂಬ ಜೀನು ಇದೆ. ಅದು ತಿವಿಯುವ ಜೀನುಗಳಲ್ಲೊಂದು. ಸ್ವಸ್ಥಾನದಲ್ಲಿರುವಾಗ ಅದಕ್ಕೆ ಕಡಿವಾಣವುಂಟು. ಬೇಕಾದಾಗ ಮಾತ್ರ ಕೆಲಸ ಮಾಡುವುದು. ಆದರೆ ಅದರ ಬಹುಭಾಗವು ೨೨ನೆಯ ತಂತುವಿಗೆ ಹಾರಿ ಅಲ್ಲಿನ ಬಿ.ಸಿ.ಆರ್. ಎಂಬ ಜೀನಿನ ಬಾಲಕ್ಕೆ ಕೂಡಿಕೊಂಡಾಗ ಕಡಿವಾಣ ತಪ್ಪಿಹೋಗುವುದು. ಈ ಜೋಡುಜೀನಿನಿಂದ ತಯಾರಾಗುವ ಪ್ರೋಟೀನು ಹಗಲಿರುಳೂ 'ಬೆಳೆ, ಬೆಳೆ' ಎಂದು ಕಣವನ್ನು ತಿವಿಯುತ್ತಲೇ ಇರುವುದು. ಎಲುಬಿನ ಮಜ್ಜೆಯ ಒಂದೇ ಒಂದು ಮೂಲಕಣದಲ್ಲಿ ಎಂದೋ ಒಂದು ದಿನ ನಡೆದ ಈ ಜೋಡಣೆಯೇ ಇಡೀ ರೋಗದ ಬೇರು.

ಬೀಗದಲ್ಲಿ ಸಿಕ್ಕಿಕೊಂಡ ಕೀಲಿಕೈ

ಬೇರು ತಿಳಿದಮೇಲೆ ಅದನ್ನು ಕಡಿಯುವ ಆಲೋಚನೆ ಹುಟ್ಟಿತು. ಅದುವರೆಗಿನ ಮದ್ದುಗಳು ಒಳ್ಳೆಯ ಕಣ ಕೆಟ್ಟ ಕಣವೆನ್ನದೆ ಬೆಳೆಯುವ ಕಣಗಳನ್ನೆಲ್ಲ ಹೊಡೆಯತಕ್ಕವು. ರೋಗವನ್ನು ಕೆಲಕಾಲ ತಡೆಯುತ್ತಿದ್ದುವೇ ಹೊರತು ಬಹುಮಟ್ಟಿಗೆ ಅದರ ಗತಿಯನ್ನು ತಪ್ಪಿಸುತ್ತಿರಲಿಲ್ಲ. ಮೂರು ವರ್ಷವೋ ಐದು ವರ್ಷವೋ ಮೆಲ್ಲಗೆ ನಡೆದ ರೋಗವು ಒಂದು ದಿನ ಕೆರಳಿ ಕೆಲವೇ ತಿಂಗಳುಗಳಲ್ಲಿ ಪ್ರಾಣ ತೆಗೆಯುತ್ತಿತ್ತು. ಬೇರೊಬ್ಬರ ಮಜ್ಜೆಯನ್ನು ಕೂಡಿಸುವ ಚಿಕಿತ್ಸೆಯಿಂದ ಕೆಲವರು ಗುಣಹೊಂದಿದರಾದರೂ ಅದು ಎಲ್ಲರಿಗೂ ಸಾಧ್ಯವಾದುದಲ್ಲ, ಅಪಾಯವಿಲ್ಲದುದೂ ಅಲ್ಲ.

ಆ ತಿವಿಯುವ ಪ್ರೋಟೀನಿನಲ್ಲಿ ಒಂದು ಸಣ್ಣ ಗುಳಿಯಿದೆ. ಕಣದೊಳಗೆ ಶಕ್ತಿಯನ್ನು ಹೊತ್ತು ತಿರುಗುವ ಒಂದು ವಸ್ತುವು ಆ ಗುಳಿಯಲ್ಲಿ ಬಂದು ಕೂತಾಗ ಮಾತ್ರ ಪ್ರೋಟೀನು ಕೆಲಸ ಮಾಡಬಲ್ಲುದು. ಆ ಗುಳಿಯೊಳಗೆ ಬೇರೊಂದನ್ನು ಮೊದಲೇ ತುರುಕಿಟ್ಟರೆ? ಬೀಗದೊಳಗೆ ತಪ್ಪು ಕೀಲಿಕೈ ಸಿಕ್ಕಿಕೊಂಡರೆ ಸರಿಯಾದ ಕೀಲಿಕೈಯೂ ಒಳಹೋಗಲಾರದಲ್ಲವೆ? ಸ್ವಿಟ್ಜರ್ಲೆಂಡಿನ ಒಂದು ಔಷಧದ ಕಂಪನಿಯಲ್ಲಿ ನಿಕೊಲಸ್ ಲೈಡನ್ ಎಂಬವರೂ ಅವರ ಜತೆಗಾರರೂ ಇಂಥ ವಸ್ತುಗಳನ್ನು ತಯಾರಿಸಿದರು. ಅವುಗಳಲ್ಲೊಂದು ರೋಗದ ಕಣಗಳನ್ನು ಕೊಂದು ಒಳ್ಳೆಯ ಕಣಗಳನ್ನು ಬಹುಮಟ್ಟಿಗೆ ಬಿಡುವುದೆಂದು ಅಮೆರಿಕದ ಒರೆಗನ್ ಪ್ರಾಂತದ ವೈದ್ಯರಾದ ಬ್ರಯನ್ ಡ್ರುಕರ್ ಕಂಡುಕೊಂಡರು. ಅದೇ ಇಮಾಟಿನಿಬ್. ೧೯೯೮ರಲ್ಲಿ ಮೊದಲಬಾರಿ ರೋಗಿಗಳಿಗೆ ಕೊಟ್ಟು ನೋಡಲಾಯಿತು. ಹಳೆಯ ಚಿಕಿತ್ಸೆ ಫಲಿಸದೆ ಬಂದವರಲ್ಲಿ ಸಾಕಷ್ಟು ಪ್ರಮಾಣದಲ್ಲಿ ಮದ್ದು ಸೇವಿಸಿದವರು ೫೪ ಮಂದಿ. ಅವರಲ್ಲಿ ೫೩ ಮಂದಿಯ ರಕ್ತಕಣಗಳ ಲೆಕ್ಕ ಸರಿಯಾಯಿತು. ೨೦೦೧ರ ಮೇ ತಿಂಗಳಲ್ಲಿ ಅಮೆರಿಕದ ಸರಕಾರವು ಈ ಮದ್ದಿಗೆ ಒಪ್ಪಿಗೆ ಕೊಟ್ಟಿತು. ಮುಂದೆ ಈ ಮದ್ದನ್ನು ಮೊದಲಿನಿಂದಲೇ ತೆಗೆದುಕೊಂಡ ರೋಗಿಗಳನ್ನು ಬಹುಕಾಲ ಅನುಸರಿಸಿ ನೋಡಿದಾಗ, ಹತ್ತು ವರ್ಷಗಳಾದ ಮೇಲೆಯೂ ನೂರಕ್ಕೆ ಸುಮಾರು ೮೩ ಮಂದಿ ಬದುಕಿದ್ದರು. ಹಿಂದೆ ಐದು ವರ್ಷ ಬದುಕುವುದೇ ಹೆಚ್ಚೆನಿಸಿದ್ದ ರೋಗದಲ್ಲಿ ಇದು ಅಲ್ಪವಾದ ಮಾತಲ್ಲ.

ದ್ವಾರಪಾಲಕನು ಬದಲಾದನು

ಹಾಗಾದರೆ ಈ ಮದ್ದು ಕೆಲವರಲ್ಲಿ ಮೊದಲು ಹಿಡಿದು ಆಮೇಲೆ ಬಿಟ್ಟುಹೋಗುವುದೇಕೆ? ಇದಕ್ಕೆ ಉತ್ತರವೂ ೨೦೦೧ರಲ್ಲಿಯೇ ದೊರೆಯಿತು. ಲಾಸ್ ಏಂಜಲೀಸ್ ನಗರದಲ್ಲಿ ಚಾರ್ಲ್ಸ್ ಸಾಯರ್ಸ್ ಎಂಬವರ ಪ್ರಯೋಗಶಾಲೆಯವರು, ರೋಗವು ಮುಂದುವರಿದ ಹಂತದಲ್ಲಿದ್ದು ಮದ್ದಿನಿಂದ ಇಳಿದು ಮತ್ತೆ ಏರಿದ ರೋಗಿಗಳ ಕಣಗಳನ್ನು ತೆಗೆದು, ಆ ಜೋಡುಜೀನನ್ನು ಅಕ್ಷರ ಅಕ್ಷರವಾಗಿ ಓದಿದರು. ಒಂಬತ್ತು ಮಂದಿಯಲ್ಲಿ ಆರು ಮಂದಿಯ ಕಣಗಳಲ್ಲಿ ಒಂದೇ ಕಡೆ, ಒಂದೇ ಅಕ್ಷರ ಬದಲಾಗಿತ್ತು.

ಪ್ರೋಟೀನು ಮಣಿಗಳ ಸರದಂತೆ. ಈ ಸರದ ೩೧೫ನೆಯ ಮಣಿಯು ಮದ್ದು ಕೂರುವ ಗುಳಿಯ ಬಾಯಲ್ಲಿ ನಿಂತಿರುವುದು. ಆದುದರಿಂದಲೇ ವಿಜ್ಞಾನಿಗಳು ಅದನ್ನು ದ್ವಾರಪಾಲಕನೆಂದು ಕರೆಯುತ್ತಾರೆ. ಅಲ್ಲಿ ಥ್ರಿಯೊನೀನ್ ಎಂಬ ಮಣಿಯಿರಬೇಕು; ಅದು ಮದ್ದನ್ನು ಕೈಹಿಡಿದು ಒಳಗೆ ಕೂರಿಸತಕ್ಕದ್ದು. ಅಕ್ಷರವೊಂದು ತಪ್ಪಿದ್ದರಿಂದ ಆ ಸ್ಥಳಕ್ಕೆ ಐಸೊಲ್ಯೂಸೀನ್ ಎಂಬ ದಪ್ಪನೆಯ ಮಣಿ ಬಂದಿತು. ಅದು ಮದ್ದಿಗೆ ಕೈಯನ್ನೂ ಕೊಡದು, ದಾರಿಯನ್ನೂ ಬಿಡದು. ಆದರೆ ಕಣದ ಶಕ್ತಿವಸ್ತುವು ಮಾತ್ರ ಎಂದಿನಂತೆ ಒಳಹೋಗಿ ಬರಬಲ್ಲುದು. ಹೀಗೆ ಶತ್ರುವಿಗೆ ಬಾಗಿಲು ಮುಚ್ಚಿ ಮಿತ್ರನಿಗೆ ತೆರೆದಿಡುವ ದ್ವಾರಪಾಲಕನು ಮುನ್ನೂರು ಕೋಟಿಯಲ್ಲಿ ಒಂದು ಅಕ್ಷರದ ತಪ್ಪಿನಿಂದ ಹುಟ್ಟಿದನು. ಆಮೇಲೆ ಇದೇ ಜೀನಿನಲ್ಲಿ ಮದ್ದನ್ನು ತಡೆಯುವ ಐವತ್ತಕ್ಕೂ ಹೆಚ್ಚು ಬಗೆಯ ತಪ್ಪುಗಳು ಬೇರೆಬೇರೆ ರೋಗಿಗಳಲ್ಲಿ ಕಂಡುಬಂದುವು. ಕೆಲವು ಪೂರ್ತಿಯಾಗಿ ತಡೆಯತಕ್ಕವು, ಕೆಲವು ಅರೆಬರೆಯಾಗಿ.

ಕಳೆ ಕೀಳುವವಳು ಕಲಿಸಲಿಲ್ಲ

ಈಗ ಮುಖ್ಯವಾದ ಪ್ರಶ್ನೆಗೆ ಬರೋಣ. ಈ ತಪ್ಪನ್ನು ಉಂಟುಮಾಡಿದವರಾರು? ಮದ್ದೆ? ದಿನವೂ ಮದ್ದನ್ನು ಕಂಡು ಕಂಡು ಕಣವು ಉಪಾಯವನ್ನು ಕಲಿಯಿತೆ? 'ಒಗ್ಗಿಹೋಯಿತು' ಎಂಬ ಮಾತಿನಲ್ಲಿ ಅಡಗಿರುವ ನಂಬಿಕೆಯು ಇದೇ.

ನಮ್ಮ ಗದ್ದೆಗಳಲ್ಲಿ ಎಳೆಯ ಬತ್ತದ ಪೈರಿನಂತೆಯೇ ಕಾಣುವ ಒಂದು ಜಾತಿಯ ಕಳೆಹುಲ್ಲು ಉಂಟು. ಕಳೆ ಕೀಳುವ ಹೆಂಗಸು ಬತ್ತದಂತೆ ಕಾಣದ ಹುಲ್ಲನ್ನೆಲ್ಲ ಕಿತ್ತು ಬದುವಿನ ಮೇಲೆ ಎಸೆಯುತ್ತಾಳೆ. ಬತ್ತದ ರೂಪವನ್ನು ಹೋಲುವುದು ಅವಳ ಕಣ್ಣಿಗೆ ಬೀಳದೆ ಉಳಿಯುವುದು. ಅದೇ ತೆನೆಗಟ್ಟಿ ಬೀಜ ಉದುರಿಸುವುದು. ವರ್ಷ ವರ್ಷವೂ ಹೀಗೆ ನಡೆದರೆ ಗದ್ದೆಯಲ್ಲಿ ಆ ಜಾತಿಯೇ ಹೆಚ್ಚುವುದು. ಹಾಗೆಂದು, ಬತ್ತದ ವೇಷ ಹಾಕುವುದನ್ನು ಹುಲ್ಲಿಗೆ ಆ ಹೆಂಗಸು ಕಲಿಸಿದಳೆಂದು ಯಾರಾದರೂ ಹೇಳುವರೆ? ಅವಳು ಕಲಿಸಲಿಲ್ಲ, ಆರಿಸಿದಳು, ಅಷ್ಟೆ. ಅವಳಿಗೆ ತಿಳಿಯದೆಯೇ ಆರಿಸಿದಳು.

ಮದ್ದಿನ ಕೆಲಸವೂ ಹೀಗೆಯೇ. ಇದು ಬರಿಯ ಉಪಮಾನದ ಮಾತಲ್ಲ. ೧೯೪೩ರಲ್ಲಿ ಇಟಲಿಯಿಂದ ಬಂದ ಲೂರಿಯ, ಜರ್ಮನಿಯಿಂದ ಬಂದ ಡೆಲ್‌ಬ್ರುಕ್ ಎಂಬ ಇಬ್ಬರು ವಿಜ್ಞಾನಿಗಳು ಅಮೆರಿಕದಲ್ಲಿ ಸೂಕ್ಷ್ಮಜೀವಿಗಳ ಮೇಲೆ ಪರೀಕ್ಷೆ ನಡೆಸಿದರು. ಒಂದೇ ಬಗೆಯ ಸೂಕ್ಷ್ಮಜೀವಿಗಳನ್ನು ಅನೇಕ ನಳಿಗೆಗಳಲ್ಲಿ ಬೇರೆಬೇರೆಯಾಗಿ ಬೆಳೆಸಿ, ಎಲ್ಲಕ್ಕೂ ಒಂದೇ ಸಮಯದಲ್ಲಿ ಒಂದು ಮಾರಕವಾದ ವೈರಸನ್ನು ತಾಗಿಸಿದರು. ವೈರಸನ್ನು ಕಂಡಮೇಲೆ ಸೂಕ್ಷ್ಮಜೀವಿಗಳು ತಾಳಿಕೆಯನ್ನು ಕಲಿಯುವುದಾದರೆ ಎಲ್ಲ ನಳಿಗೆಗಳಲ್ಲಿಯೂ ಹೆಚ್ಚುಕಡಮೆ ಒಂದೇ ಸಂಖ್ಯೆಯವು ಉಳಿಯಬೇಕು. ಹಾಗಾಗಲಿಲ್ಲ. ಹಲವು ನಳಿಗೆಗಳಲ್ಲಿ ಒಂದೂ ಉಳಿಯಲಿಲ್ಲ. ಕೆಲವಲ್ಲಿ ನೂರಾರು ಉಳಿದುವು. ಆ ಕೆಲವು ನಳಿಗೆಗಳಲ್ಲಿ ವೈರಸ್ ಬರುವುದಕ್ಕೆ ಬಹು ಮುಂಚೆಯೇ ಯಾವುದೋ ಒಂದರಲ್ಲಿ ತಪ್ಪು ನಡೆದು, ಅದರ ಸಂತತಿ ಬೆಳೆದು ನಿಂತಿತ್ತೆಂಬುದೇ ಇದರ ಅರ್ಥ. ಲ್ಯುಕೀಮಿಯದಲ್ಲಿಯೂ ಇಂಥದೇ ಸಾಕ್ಷ್ಯ ದೊರೆಯಿತು. ಕೆಲವು ರೋಗಿಗಳಿಂದ ಇಮಾಟಿನಿಬ್ ಕೊಡುವುದಕ್ಕೆ ಮುಂಚೆ ತೆಗೆದಿಟ್ಟಿದ್ದ ಹಳೆಯ ರಕ್ತವನ್ನು ಪರೀಕ್ಷಿಸಿದಾಗ, ಎಲ್ಲೋ ಕೆಲವು ಕಣಗಳಲ್ಲಿ ಅದೇ ದ್ವಾರಪಾಲಕನ ತಪ್ಪು ಅಡಗಿದ್ದುದು ಕಂಡಿತು. ಮದ್ದು ಬರುವ ಮುಂಚೆಯೇ ಮದ್ದನ್ನು ಮೀರತಕ್ಕ ಕಣವು ಹುಟ್ಟಿತ್ತು.

ಗಿಡ್ಡ ತಂತುವನ್ನು ಕಂಡ ನೊವೆಲ್ ಅವರೇ ೧೯೭೬ರಲ್ಲಿ ಈ ತತ್ತ್ವವನ್ನು ಕ್ಯಾನ್ಸರಿಗೆಲ್ಲ ಅನ್ವಯಿಸಿ ಒಂದು ಲೇಖನ ಬರೆದರು. ಗಂತಿಯಲ್ಲಿರುವ ಕಣಗಳೆಲ್ಲ ಒಂದೇ ತಾಯಿಕಣದ ಮಕ್ಕಳಾದರೂ ಒಡೆದು ಒಡೆದು ಬೆಳೆಯುವಾಗ ಹೊಸ ಹೊಸ ತಪ್ಪುಗಳನ್ನು ಕೂಡಿಸಿಕೊಳ್ಳುತ್ತವೆ. ಅವುಗಳಲ್ಲಿ ಹೆಚ್ಚು ಬೆಳೆಯಬಲ್ಲುದು, ಮದ್ದನ್ನು ತಾಳಬಲ್ಲುದು ಮುಂದೆ ಬರುವುದು ಎಂಬುದು ಅದರ ಸಾರ. ಶ್ವಾಸಕೋಶದ ಒಂದು ಬಗೆಯ ಕ್ಯಾನ್ಸರಿನಲ್ಲಿಯೂ ಮದ್ದಿನ ಗುಳಿಯ ದ್ವಾರಪಾಲಕನೇ ಬದಲಾಗಿರುವುದನ್ನು ೨೦೦೫ರಲ್ಲಿ ಕಂಡುಕೊಂಡರು.

ಇದರಿಂದ ಹೊರಡುವ ಅರ್ಥವೇನು? ಒಗ್ಗುವುದು ರೋಗಿಯ ಶರೀರವಲ್ಲ. ರೋಗಿಯು ಮದ್ದನ್ನು ದುಂದು ಮಾಡಿದುದೂ ಅಲ್ಲ. ಕಣಗಳ ಗುಂಪಿನಲ್ಲಿ ಬೇರೆಯದೊಂದು ಕಣ ಉಳಿದು ಬೆಳೆಯಿತು. ಕಣಗಳು ಹೆಚ್ಚಿದಷ್ಟೂ ಒಡೆಯುವ ಸಲ ಹೆಚ್ಚು. ಒಡೆಯುವ ಸಲ ಹೆಚ್ಚಿದಷ್ಟೂ ಹೊಸ ತಪ್ಪಿಗೆ ಎಡೆ ಹೆಚ್ಚು. ಆದುದರಿಂದ ಮದ್ದನ್ನು ಬಿಟ್ಟು ಬಿಟ್ಟು ನುಂಗುವುದೆಂದರೆ ಅದರ ಬಲವನ್ನು ಕಾದಿಡುವುದಲ್ಲ. ಅರ್ಧ ಕಳೆ ಕಿತ್ತು ಅರ್ಧವನ್ನು ಬೀಜಕ್ಕೆ ಬಿಟ್ಟಂತೆ. ರಕ್ತದಲ್ಲಿ ಮದ್ದಿನ ಪ್ರಮಾಣವು ತಗ್ಗಿದಾಗ ಅದನ್ನು ಅರೆಬರೆಯಾಗಿ ತಡೆಯಬಲ್ಲ ಕಣಗಳಿಗೂ ಬದುಕಲು ಅವಕಾಶ ಸಿಕ್ಕುವುದು. ಪೂರ್ಣಪ್ರಮಾಣದಲ್ಲಿದ್ದರೆ ಅವುಗಳಲ್ಲಿ ಹಲವು ಅಳಿದುಹೋಗುತ್ತಿದ್ದುವು. ನನ್ನ ಸ್ನೇಹಿತರು ಜಾಣತನವೆಂದು ಮಾಡಿದ ಮಿತವ್ಯಯವು ರೋಗಕ್ಕೆ ಮಾಡಿದ ಉಪಕಾರವಾಗಿತ್ತು.

ಮನೆಯವರು ತಿಳಿಯಬೇಕಾದದ್ದು

ಮೊದಲು ಅವರ ಪತ್ನಿಯ ಪ್ರಶ್ನೆಗೆ ಉತ್ತರ. ಈ ಜೋಡಣೆಯ ತಪ್ಪು ನಡೆಯುವುದು ಹುಟ್ಟಿದ ಮೇಲೆ, ಮಜ್ಜೆಯ ಒಂದು ಕಣದಲ್ಲಿ. ತಂದೆಯ ಬೀಜದಲ್ಲಾಗಲಿ ತಾಯಿಯ ಅಂಡದಲ್ಲಾಗಲಿ ಅದು ಇರುವುದಿಲ್ಲ. ಆದುದರಿಂದ ತಂದೆಗೆ ಈ ರೋಗವಿದ್ದ ಮಾತ್ರಕ್ಕೆ ಮಗಳಿಗೆ ಅದು ಇಳಿಯುವುದಿಲ್ಲ. ಜತೆಯಲ್ಲಿ ಉಂಡರೆ, ಮಲಗಿದರೆ ಅಂಟುವುದೂ ಇಲ್ಲ. ಹೆಣ್ಣು ಕೊಡುವವರೂ ತರುವವರೂ ಇದಕ್ಕಾಗಿ ಹಿಂದೆಗೆಯಬೇಕಾದ ಕಾರಣವಿಲ್ಲ. ಸ್ತನ, ಅಂಡಾಶಯ ಮೊದಲಾದವುಗಳ ಕ್ಯಾನ್ಸರ್ ಕೆಲವು ಮನೆತನಗಳಲ್ಲಿ ವಂಶದಿಂದ ಬರುವುದುಂಟು; ಅಂಥ ಮನೆಯವರು ವೈದ್ಯರನ್ನು ವಿಚಾರಿಸುವುದು ಒಳ್ಳೆಯದು. ಆ ಮಾತು ಬೇರೆ, ಈ ರೋಗದ ಮಾತು ಬೇರೆ. ಹಿರೋಷಿಮದಲ್ಲಿ ಅಣುಬಾಂಬಿನ ಕಿರಣಗಳಿಗೆ ಸಿಕ್ಕಿ ಬದುಕಿದವರಲ್ಲಿ ಈ ರೋಗವು ಹೆಚ್ಚಾ‌ಗಿ ಕಂಡುದು ನಿಜ. ಆದರೆ ಬಹುಪಾಲು ರೋಗಿಗಳಲ್ಲಿ ಇಂಥ ಯಾವ ಹೊರಗಿನ ಕಾರಣವೂ ದೊರೆಯುವುದಿಲ್ಲ. ಯಾರ ಪಾಪದಿಂದಲೂ ಬಂದುದಲ್ಲ. ಲಿಪಿಕಾರನ ಕೈ ತಪ್ಪಿತು, ಅಷ್ಟೆ.

ಎರಡನೆಯದಾಗಿ, ಮೈ ಹಗುರವಾಯಿತೆಂದು ಮಾತ್ರೆಯನ್ನು ತಮಗೆ ತಾವೇ ಕಡಮೆ ಮಾಡಬಾರದು. ಕಣ್ಣಿನ ಸುತ್ತ ಊತ, ಕಾಲಿನ ಸೆಳೆತ, ಓಕರಿಕೆ ಇವುಗಳಿಗೆ ಬೇಸತ್ತು ಕೆಲವರು ಗುಟ್ಟಾಗಿ ಬಿಡುವುದುಂಟು. ವೈದ್ಯರಿಗೆ ಹೇಳಿದರೆ ಅವಕ್ಕೆ ಪರಿಹಾರವಿದೆ. ಬೇರೆ ಮದ್ದು, ಕಷಾಯ, ಲೇಹ್ಯಗಳನ್ನು ಸೇವಿಸುವುದಾದರೂ ತಿಳಿಸಿಯೇ ಸೇವಿಸಬೇಕು. ಕೆಲವು ವಸ್ತುಗಳು ರಕ್ತದಲ್ಲಿ ಈ ಮದ್ದಿನ ಪ್ರಮಾಣವನ್ನು ಏರಿಳಿಸತಕ್ಕವು. ಅನೇಕ ವರ್ಷಗಳ ಕಾಲ ರೋಗದ ಸುಳಿವು ಬಹುಮಟ್ಟಿಗೆ ಅಳಿಸಿಹೋದವರಲ್ಲಿ ವೈದ್ಯರೇ ಮಾತ್ರೆಯನ್ನು ನಿಲ್ಲಿಸಿ ನೋಡುವುದುಂಟು. ಅಂಥವರಲ್ಲಿ ಸುಮಾರು ಅರ್ಧ ಮಂದಿಗೆ ರೋಗವು ಮರಳುವುದಿಲ್ಲ. ಆದರೆ ಅದು ಮೇಲಿಂದ ಮೇಲೆ ರಕ್ತಪರೀಕ್ಷೆ ನಡೆಸುತ್ತ, ವೈದ್ಯರ ಕಣ್ಣೆದುರಿಗೆ ಆಗಬೇಕಾದ ಕೆಲಸ.

ಹಣದ ಚಿಂತೆಯಿಂದ ಮಾತ್ರೆಯನ್ನು ಮಿಗಿಸುವವರೂ ಇದ್ದಾರೆ. ಹಿಂದೊಮ್ಮೆ ವಿದೇಶದ ಕಂಪನಿಯ ಮಾತ್ರೆಗೆ ನಮ್ಮ ದೇಶದಲ್ಲಿ ತಿಂಗಳಿಗೆ ಸುಮಾರು ೧,೨೦,೦೦೦ ರೂಪಾಯಿ ಬೆಲೆಯಿದ್ದರೆ, ಇಲ್ಲಿಯ ಕಂಪನಿಗಳು ಅದೇ ಮದ್ದನ್ನು ಹತ್ತು ಸಾವಿರಕ್ಕಿಂತ ಕಡಮೆಗೆ ಮಾಡಿ ಮಾರುತ್ತಿದ್ದುವು. ಮದ್ದಿನ ಒಂದು ರೂಪಕ್ಕೆ ತನಗೆ ಮಾತ್ರ ಹಕ್ಕು ಬೇಕೆಂದು ಆ ಕಂಪನಿಯು ಹೂಡಿದ ವ್ಯಾಜ್ಯವನ್ನು ೨೦೧೩ರ ಏಪ್ರಿಲ್ ೧ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ತಳ್ಳಿಹಾಕಿತು. ಇದರಿಂದ ಬಡವರ ಮನೆಗೂ ಮಾತ್ರೆ ಎಟಕುವ ದಾರಿ ಉಳಿಯಿತು. ಕೊಳ್ಳಲು ಕಷ್ಟವಾದವರು ಅದನ್ನು ವೈದ್ಯರೊಡನೆ ಬಾಯಿಬಿಟ್ಟು ಹೇಳಬೇಕು. ಮುಚ್ಚಿಟ್ಟು ಅರ್ಧ ನುಂಗುವುದಕ್ಕಿಂತ ಕೇಳಿ ಪಡೆಯುವುದು ಮೇಲು.

ಮೂರನೆಯದಾಗಿ, ಒಂದು ಮದ್ದು ಹಿಡಿಯದಿದ್ದರೆ ಎಲ್ಲವೂ ಮುಗಿಯಿತೆಂದು ಎದೆಗುಂದಬಾರದು. ತಪ್ಪಿದ ಅಕ್ಷರ ಯಾವುದೆಂಬುದನ್ನು ಈಗ ರಕ್ತದಿಂದಲೇ ಓದಿ ತಿಳಿಯಬಹುದು. ಅದಕ್ಕೆ ತಕ್ಕ ಮದ್ದನ್ನು ಆರಿಸಬಹುದು. ೨೦೦೬ರಲ್ಲಿ ಡಸಾಟಿನಿಬ್, ೨೦೦೭ರಲ್ಲಿ ನಿಲೊಟಿನಿಬ್ ಬಂದುವು. ಹಲವು ತಪ್ಪುಗಳನ್ನು ಇವು ಮೆಟ್ಟಬಲ್ಲವು. ದ್ವಾರಪಾಲಕನ ಮುಂದೆ ಮಾತ್ರ ಇವೆರಡೂ ಸೋತುವು. ಅವನ ಪಕ್ಕದಲ್ಲಿ ನುಸುಳಬಲ್ಲಷ್ಟು ತೆಳುವಾದ ಪೊನಾಟಿನಿಬ್ ೨೦೧೨ರಲ್ಲಿ ಬಂದಿತು. ಅದರಿಂದ ರಕ್ತನಾಳಗಳಿಗೆ ಅಪಾಯವಾಗಬಹುದಾದ್ದರಿಂದ ಎಚ್ಚರದಿಂದ ಕೊಡುತ್ತಾರೆ. ೨೦೨೧ರಲ್ಲಿ ಬಂದ ಅಸಿಮಿನಿಬ್ ಆ ಬಾಗಿಲಿಗೇ ಹೋಗದೆ ಮನೆಯ ಇನ್ನೊಂದು ಮೂಲೆಯಿಂದ ಪ್ರೋಟೀನನ್ನು ಕಟ್ಟಿಹಾಕತಕ್ಕದ್ದು.

ನನ್ನ ಸ್ನೇಹಿತರ ರಕ್ತವನ್ನೂ ಹೀಗೆಯೇ ಓದಿ ನೋಡಿದರು. ತಪ್ಪು ದ್ವಾರಪಾಲಕನದಾಗಿರಲಿಲ್ಲ, ಬೇರೊಂದು ಸ್ಥಾನದ್ದು. ವೈದ್ಯರು ಮದ್ದನ್ನು ಬದಲಾಯಿಸಿದರು. ಮೊನ್ನೆ ಸಂಕ್ರಾಂತಿಯ ಎಳ್ಳುಬೆಲ್ಲಕ್ಕೆ ಹೋದಾಗ ರೋಗದ ಲೆಕ್ಕವು ಇಳಿಮುಖವಾಗಿರುವ ಸುದ್ದಿ ತಿಳಿಯಿತು. ಪೂರ್ತಿ ಇಳಿಯುವುದೋ ಇಲ್ಲವೋ ಎಂಬುದನ್ನು ಮುಂದಿನ ಪರೀಕ್ಷೆಗಳೇ ಹೇಳಬೇಕು. ದೇವರ ಮನೆಯ ಗೂಡಿನಲ್ಲಿ ಮಾತ್ರೆಯ ಪೊಟ್ಟಣವೂ ಅದರ ಪಕ್ಕದಲ್ಲಿ ಒಂದು ಹಳೆಯ ಹಾಜರಿ ಪುಸ್ತಕವೂ ಇದ್ದುವು. ತೆರೆದು ನೋಡಿದೆನು. ವಿದ್ಯಾರ್ಥಿಗಳ ಹೆಸರಿರಬೇಕಾದ ಕಡೆ 'ಮಾತ್ರೆ' ಎಂದು ಬರೆದು, ದಿನಕ್ಕೊಂದರಂತೆ ಹಾಜರಿಯ ಗುರುತು ಹಾಕಿದ್ದರು. ಒಂದು ದಿನವೂ ಖಾಲಿಯಿರಲಿಲ್ಲ. ಗುರುತು ಹಾಕುವ ಕೈ ಅವರದು. ಪ್ರತಿದಿನ ರಾತ್ರಿ ಅದನ್ನು ತಪಾಸಣೆ ಮಾಡಿ ಕೆಳಗೆ ರುಜು ಹಾಕುವವರು ಅವರ ಪತ್ನಿ.